ತೋಡಿನ ಏಡಿ, ತೋಟದ ಮೈಲುತುತ್ತ

ಮೇ ತಿಂಗಳು ಬಂತೆಂದರೆ ನಮ್ಮ ಕಡೆ ಎಲ್ಲರ ತೋಟದಲ್ಲೂ ಬೋರ್ಡೋ ಎಂಬ ಔಷಧಿ ಹೊಡೆಯುವ ಗಡಿಬಿಡಿ. ಮಳೆ ಹಿಡಿಯುವ ಮೊದಲು ಮುಗಿಯಬೇಕು. ಕಾಫಿಗೆ ಕೊಳೆ ರೋಗ ಬರಬಾರದು, ಮೆಣಸಿನ ಬಳ್ಳಿ ಸೊರಗಬಾರದು. ಕೊಡಗಿನ ನಾಪೋಕ್ಲು ಕಡೆಯ ನಮ್ಮ ಸಣ್ಣ ತೋಟದಲ್ಲೂ ಇದೇ ಕತೆ. ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕರಗಿಸುತ್ತಾರೆ, ಇನ್ನೊಂದರಲ್ಲಿ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಿದರೆ ತಿಳಿ ನೀಲಿ ಬಣ್ಣದ ಮಂದ ನೀರು ಆಗುತ್ತದೆ. ಆಮೇಲೆ ನಮ್ಮ ತೋಟದ ಹಿರಿಯ ಕೆಲಸಗಾರ, ನಾವೆಲ್ಲ ಅಣ್ಣ ಅಂತಲೇ ಕರೆಯುವವರು, ತಮ್ಮ ಕತ್ತಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಕತ್ತಿಯ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು.

ಈ ಕತ್ತಿ ಪರೀಕ್ಷೆ ನನಗೆ ತುಂಬಾ ಇಷ್ಟ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ನಮ್ಮ ಲ್ಯಾಬಿನ ಎಷ್ಟೋ ಪ್ರಯೋಗಕ್ಕಿಂತ ಇದು ಚೊಕ್ಕ. ನೀರಿನಲ್ಲಿ ಬಿಡಿಯಾಗಿ ಓಡಾಡುವ ತಾಮ್ರ ಉಳಿದಿದ್ದರೆ ಅದು ಬಂದು ಕಬ್ಬಿಣದ ಮೇಲೆ ಕೂರುತ್ತದೆ. ಅಂಥ ಬೋರ್ಡೋ ಹೊಡೆದರೆ ಎಲೆಯೇ ಸುಟ್ಟುಹೋಗುತ್ತದೆ. ಸುಣ್ಣ ತಾಮ್ರವನ್ನು ಹಿಡಿದುಕೊಂಡರೆ ಎಲೆಗೆ ಕಾಟವಿಲ್ಲ. ತಾಮ್ರ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಬಿಡಿಯಾಗಿದೆ ಅನ್ನುವುದೇ ಮುಖ್ಯ. ಏಡಿಯ ಮೈಯೊಳಗಿನ ಕತೆಯೂ ಪೂರ್ತಿ ಇದರ ಮೇಲೇ ನಿಂತಿದೆ.

ಏಡಿಯ ವಿಷಯ ಶುರು ಮಾಡಿದ್ದು ಅತ್ತೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಗದ್ದೆಯ ಬದುವಿನಿಂದ ಹಿಡಿದು ತಂದ ಏಡಿಗಳನ್ನು ಅವರು ಬಿಡಿಸುತ್ತಾ ಕೂತಿದ್ದರು. "ಇಷ್ಟು ವರ್ಷದಿಂದ ಮೈಲುತುತ್ತ ಹೊಡೀತಾ ಇದ್ದೇವೆ. ತೊಳೆದು ಬರೋದೆಲ್ಲ ತೋಡಿಗೇ ತಾನೇ? ಆದ್ರೂ ಈ ಏಡಿ ಬದುಕಿದೆಯಲ್ಲ, ಇದರ ಹೊಟ್ಟೆ ಒಳಗೆ ಅದೆಲ್ಲ ಏನಾಗುತ್ತೆ? ನೀನು ಪಾಠ ಮಾಡೋಳಲ್ವಾ, ಹೇಳು" ಅಂದರು. ಓದಿ ಹೇಳುತ್ತೇನೆ ಅತ್ತೆ ಅಂದೆ. ಓದುತ್ತಾ ಹೋದ ಹಾಗೆ ಬಿಡಲಾಗಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಾವು ಎಷ್ಟು ತಾಮ್ರ ಹೊಡೆಯುತ್ತೇವೆ ನೋಡಿ. 1 ಶೇಕಡಾ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 200 ಲೀಟರಿನ ಒಂದು ಡ್ರಮ್ಮಿಗೆ 2 ಕಿಲೋ ಮೈಲುತುತ್ತ ಬೇಕು. ಮೈಲುತುತ್ತದ ತೂಕದಲ್ಲಿ ಕಾಲು ಭಾಗದಷ್ಟು ತಾಮ್ರ. ಹಾಗಾಗಿ ಒಂದು ಡ್ರಮ್ಮಿನಲ್ಲಿ ಅರ್ಧ ಕಿಲೋ ಶುದ್ಧ ಲೋಹ ಇರುತ್ತದೆ. ಬೇರೆ ಕೀಟನಾಶಕಗಳು ಬಿಸಿಲಿಗೋ ಬ್ಯಾಕ್ಟೀರಿಯಾಕ್ಕೋ ಸಿಕ್ಕಿ ಒಂದಲ್ಲ ಒಂದು ದಿನ ಒಡೆದುಹೋಗುತ್ತವೆ. ತಾಮ್ರ ಒಂದು ಮೂಲವಸ್ತು, ಅದು ಒಡೆಯುವುದಿಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಈ ಮಿಶ್ರಣದ ಗುಣ ಕಂಡು 1885ರಲ್ಲಿ ಅದನ್ನು ಪ್ರಕಟಿಸಿದರು. ಕಳೆದ ಶತಮಾನದ ಶುರುವಿನಲ್ಲೇ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗಕ್ಕೆ ಇದನ್ನೇ ಹಿಡಿದು ಕೆಲಸ ಮಾಡಿದರು. ಅಂದಿನಿಂದ ಮಲೆನಾಡಿನ ಮಣ್ಣಿಗೆ ತಾಮ್ರ ಬೀಳುತ್ತಲೇ ಇದೆ. ಬಿದ್ದದ್ದರಲ್ಲಿ ಹೆಚ್ಚಿನ ಪಾಲನ್ನು ಎಲೆಗೊಬ್ಬರ ಮತ್ತು ಜೇಡಿಮಣ್ಣು ಹಿಡಿದಿಟ್ಟುಕೊಳ್ಳುತ್ತವೆ, ಅದು ನಮ್ಮ ಪುಣ್ಯ. ಉಳಿದದ್ದು ಮಳೆಯ ಜೊತೆ, ಮಣ್ಣಿನ ಕಣಗಳ ಜೊತೆ ತೋಡಿಗೆ ಇಳಿಯುತ್ತದೆ.

ಈಗ ಏಡಿ. ಏಡಿಗೆ ತಾಮ್ರ ಬೇಕೇ ಬೇಕು. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ ಇರುವ ಹಿಮೊಗ್ಲೋಬಿನ್. ಏಡಿ, ಸಿಗಡಿಗಳಲ್ಲಿ ಆ ಕೆಲಸ ಹಿಮೊಸಯನಿನ್ ಎಂಬ ಪ್ರೋಟೀನಿನದು. ಒಂದು ಆಮ್ಲಜನಕದ ಅಣುವನ್ನು ಎರಡು ತಾಮ್ರದ ಪರಮಾಣುಗಳು ನಡುವೆ ಹಿಡಿದುಕೊಳ್ಳುತ್ತವೆ. ಆಮ್ಲಜನಕ ಇದ್ದಾಗ ಇದು ನೀಲಿ, ಬಿಟ್ಟಾಗ ಬಣ್ಣವೇ ಇಲ್ಲ. ಏಡಿಯ ಕಾಲು ಮುರಿದರೆ ಕೆಂಪು ರಕ್ತ ಬರದಿರುವುದಕ್ಕೆ ಕಾರಣ ಇದೇ. ಇನ್ನೊಂದು ವಿಷಯ, ಈ ಹಿಮೊಸಯನಿನ್ ಯಾವ ರಕ್ತಕಣದ ಒಳಗೂ ಇರುವುದಿಲ್ಲ. ನೇರವಾಗಿ ರಕ್ತದಲ್ಲೇ ಕರಗಿರುತ್ತದೆ. ಸತುವೂ ಏಡಿಗೆ ಬೇಕು, ಅನೇಕ ಕಿಣ್ವಗಳು ಸತುವಿಲ್ಲದೆ ನಡೆಯುವುದಿಲ್ಲ. ಆದ್ದರಿಂದ ಏಡಿ ಲೋಹಕ್ಕೆ ಬಾಗಿಲು ಪೂರ್ತಿ ಹಾಕಿಬಿಡುವ ಹಾಗಿಲ್ಲ. ಒಳಗೆ ಬಿಟ್ಟುಕೊಂಡು, ಬೇಕಾದಷ್ಟು ಬಳಸಿ, ಮಿಕ್ಕಿದ್ದನ್ನು ಸಂಭಾಳಿಸಬೇಕು.

ಬಿಡಿ ತಾಮ್ರ ಯಾಕೆ ಅಷ್ಟು ಅಪಾಯ? ಅದು ಒಂದು ಇಲೆಕ್ಟ್ರಾನನ್ನು ಸುಲಭವಾಗಿ ತೆಗೆದುಕೊಳ್ಳುತ್ತದೆ, ಅಷ್ಟೇ ಸುಲಭವಾಗಿ ಬಿಡುತ್ತದೆ. ಈ ಗುಣವನ್ನೇ ಜೀವಿಗಳು ಉಸಿರಾಟದ ಕಿಣ್ವದಲ್ಲಿ ಬಳಸಿಕೊಂಡಿವೆ. ಆದರೆ ಹಿಡಿತವಿಲ್ಲದೆ ತಿರುಗಿದರೆ ಅದೇ ಗುಣದಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಉಗ್ರ ಕಣಗಳು ಹುಟ್ಟುತ್ತವೆ. ಅವು ಕೊಬ್ಬಿನ ಪೊರೆ, ಪ್ರೋಟೀನು, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ. 1999ರಲ್ಲಿ ಅಮೆರಿಕದ ವಿಜ್ಞಾನಿಗಳು ಯೀಸ್ಟ್ ಕೋಶದ ಲೆಕ್ಕ ಹಾಕಿದರು. ಒಂದು ಇಡೀ ಕೋಶದಲ್ಲಿ ಬಿಡಿ ತಾಮ್ರದ ಒಂದೇ ಒಂದು ಅಯಾನೂ ಇರುವುದಿಲ್ಲ ಅನ್ನುವಷ್ಟು ಕಡಿಮೆ ಬಂತು. ಇರುವ ತಾಮ್ರವೆಲ್ಲ ಯಾವುದಾದರೊಂದು ಪ್ರೋಟೀನಿನ ಕೈಯಲ್ಲಿ. ಇದನ್ನು ಓದಿದಾಗ ನನಗೆ ಮೈ ಜುಮ್ ಅಂದಿತು. ಕಣ್ಣಿಗೆ ಕಾಣದ ಕೋಶ ಅಷ್ಟು ಕಟ್ಟುನಿಟ್ಟು!

ಲೋಹ ಏಡಿಯೊಳಗೆ ಬರುವ ದಾರಿ ಎರಡು: ಕಿವಿರು ಮತ್ತು ಹೊಟ್ಟೆ. ಸಿಹಿನೀರಿನ ಏಡಿಗೆ ಒಂದು ಕಷ್ಟ ಯಾವಾಗಲೂ ಇದ್ದೇ ಇದೆ. ಹೊರಗಿನ ನೀರಿನಲ್ಲಿ ಉಪ್ಪು ಬಹಳ ಕಡಿಮೆ, ಮೈಯಲ್ಲಿ ಜಾಸ್ತಿ. ಉಪ್ಪು ಸೋರುತ್ತಲೇ ಇರುತ್ತದೆ. ಕಿವಿರಿನ ಕೋಶಗಳು ಹಗಲು ರಾತ್ರಿ ಸೋಡಿಯಂ, ಕ್ಯಾಲ್ಸಿಯಂ ಒಳಗೆ ಎಳೆದುಕೊಳ್ಳುತ್ತಿರಬೇಕು. ತಾಮ್ರ ಹೋಗಿ ಇದೇ ಸೋಡಿಯಂ ಪಂಪಿಗೆ ಅಡ್ಡ ಬರುತ್ತದೆ. ಕ್ಯಾಡ್ಮಿಯಂ ಇನ್ನೂ ಮೋಸದ್ದು. ಅದರ ಅಯಾನಿನ ಗಾತ್ರ ಕ್ಯಾಲ್ಸಿಯಂನದಕ್ಕೆ ತೀರಾ ಹತ್ತಿರ. ಕ್ಯಾಲ್ಸಿಯಂ ಬರುವ ದಾರಿಯಲ್ಲೇ ಅದೂ ನುಗ್ಗುತ್ತದೆ.

ನಮ್ಮ ಕೊಡಗಿನವರು ಇಲ್ಲೊಂದು ಮಾತು ಗಮನಿಸಬೇಕು. ನೀರಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಅದು ಕಿವಿರಿನ ಹತ್ತಿರ ಲೋಹಗಳ ಜೊತೆ ಪೈಪೋಟಿ ಮಾಡಿ ಅವನ್ನು ಸ್ವಲ್ಪ ತಡೆಯುತ್ತದೆ. ಅದಕ್ಕೇ ಗಡಸು ನೀರಿನಲ್ಲಿ ತಾಮ್ರದ ವಿಷ ಕಡಿಮೆ, ಮೆದು ನೀರಿನಲ್ಲಿ ಜಾಸ್ತಿ. ವರ್ಷ ವರ್ಷ ಸುರಿಯುವ ಮಳೆಗೆ ನಮ್ಮ ಗುಡ್ಡಗಳ ಸುಣ್ಣದ ಅಂಶವೆಲ್ಲ ತೊಳೆದು ಹೋಗಿದೆ. ಮಣ್ಣು ಹುಳಿ, ತೋಡಿನ ನೀರು ಮೆದು. ಬಟ್ಟೆಗೆ ಸೋಪು ಹಾಕಿದರೆ ನೊರೆ ಹೋಗುವುದೇ ಇಲ್ಲ, ಅಂಥ ನೀರು. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸುಮ್ನೆ ಹೋಗಬಹುದಾದ ತಾಮ್ರ ಇಲ್ಲಿ ಕಿವಿರಿಗೆ ಹೊಡೆತ ಕೊಡಬಹುದು. ಕೊಳೆತ ಎಲೆಯ ಕಂದು ರಸ ನೀರಿನಲ್ಲಿ ಇದ್ದರೆ ಮಾತ್ರ ಅದು ತಾಮ್ರವನ್ನು ಹಿಡಿದು ಸ್ವಲ್ಪ ಕಾಪಾಡುತ್ತದೆ. ತೋಡಿನ ಬದಿಯ ಮರ ಕಡಿಯಬೇಡಿ ಅಂತ ನಾನು ಮನೆಯಲ್ಲಿ ಜಗಳ ಆಡುವುದಕ್ಕೆ ಇದೂ ಒಂದು ಕಾರಣ.

ಒಳಗೆ ಬಂದ ಲೋಹ ಕೊನೆಗೆ ಸೇರುವ ಜಾಗ ಎಲ್ಲರಿಗೂ ಗೊತ್ತು. ಏಡಿಯ ಚಿಪ್ಪು ಎಬ್ಬಿಸಿದರೆ ಒಳಗೆ ಹಳದಿ-ಕಂದು ಬಣ್ಣದ ಮೆತ್ತನೆಯ ಭಾಗ ಇರುತ್ತದಲ್ಲ, ಸಾರಿಗೆ ರುಚಿ ಕೊಡುತ್ತೆ ಅಂತ ಹಲವರು ಇಷ್ಟಪಡುವಂಥದ್ದು, ಅದೇ. ಜೀವಶಾಸ್ತ್ರದಲ್ಲಿ ಅದನ್ನು ಹೆಪಟೊಪ್ಯಾಂಕ್ರಿಯಾಸ್ ಅನ್ನುತ್ತಾರೆ. ನಮ್ಮ ಪಿತ್ತಜನಕಾಂಗ ಮತ್ತು ಮೇದೋಜೀರಕ ಗ್ರಂಥಿ ಮಾಡುವ ಕೆಲಸದ ಬಹುಪಾಲನ್ನು ಏಡಿಯಲ್ಲಿ ಇದೊಂದೇ ಮಾಡುತ್ತದೆ. ಹತ್ತಿರದಿಂದ ನೋಡಿದರೆ ಒಂದು ತುದಿ ಮುಚ್ಚಿದ ಸಣ್ಣ ಸಣ್ಣ ಕೊಳವೆಗಳ ಗೊಂಚಲು. ಪ್ರತಿ ಕೊಳವೆಯ ಗೋಡೆಯಲ್ಲಿ ನಾಲ್ಕು ಬಗೆಯ ಕೋಶಗಳು. ತುದಿಯಲ್ಲಿ ಹೊಸದಾಗಿ ಹುಟ್ಟುವ ಇ ಕೋಶಗಳು. ಅವು ಬೆಳೆದು ಆರ್, ಎಫ್, ಬಿ ಅನ್ನುವ ಕೋಶಗಳಾಗುತ್ತವೆ. ಎಫ್ ಕೋಶ ಜೀರ್ಣಕ್ಕೆ ಬೇಕಾದ ಕಿಣ್ವ ತಯಾರಿಸುತ್ತದೆ. ಬಿ ಕೋಶದಲ್ಲಿ ದೊಡ್ಡ ಗುಳ್ಳೆ ಇರುತ್ತದೆ. ಆಹಾರ ಹೀರಿ ಕೊಬ್ಬು ಕೂಡಿಡುವುದು ಆರ್ ಕೋಶ. ತಾಮ್ರದ ಕಾಳುಗಳು ಮುಖ್ಯವಾಗಿ ಕಾಣುವುದೂ ಈ ಆರ್ ಕೋಶದಲ್ಲೇ. ಅಮೆರಿಕದ ಫ್ಲಾರಿಡಾದಲ್ಲಿ ಗ್ರೆಗರಿ ಅಹರ್ನ್ ಮತ್ತು ಅವರ ಜೊತೆಗಾರರು ಲಾಬ್‌ಸ್ಟರಿನ ಈ ಗ್ರಂಥಿಯ ಕೋಶಗಳನ್ನು ಬಗೆ ಬಗೆಯಾಗಿ ಬೇರ್ಪಡಿಸಿ, ಯಾವುದರ ಒಳಗೆ ಯಾವ ಲೋಹ ಹೇಗೆ ಸಾಗುತ್ತದೆ ಅಂತ ವರ್ಷಗಟ್ಟಲೆ ನೋಡಿದರು. ನನಗೆ ಬಹಳ ಸಂಗತಿ ತಿಳಿದದ್ದು ಅವರ ಕೆಲಸದಿಂದಲೇ.

ಕೋಶದೊಳಗೆ ಕಾಲಿಟ್ಟ ತಾಮ್ರವನ್ನು ಮೊದಲು ಹಿಡಿಯುವುದು ಗ್ಲುಟಾಥಯೋನ್ ಎಂಬ ಪುಟ್ಟ ಅಣು. ಅದು ಮೆಟಲೊಥಯೊನೀನ್ ಎಂಬ ಪ್ರೋಟೀನಿಗೆ ತಾಮ್ರವನ್ನು ದಾಟಿಸುತ್ತದೆ. ಈ ಮೆಟಲೊಥಯೊನೀನ್ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. 1957ರಲ್ಲಿ ಮಾರ್ಗೋಶಸ್ ಮತ್ತು ವ್ಯಾಲಿ ಅನ್ನುವ ಇಬ್ಬರು ಕುದುರೆಯ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಹಿಡಿದುಕೊಂಡಿದ್ದ ಪ್ರೋಟೀನನ್ನು ಮೊದಲು ಕಂಡರು. ಆಮೇಲೆ ನೋಡಿದರೆ ಬೂಷ್ಟಿನಿಂದ ಮನುಷ್ಯನ ತನಕ ಎಲ್ಲೆಲ್ಲೂ ಇದರ ಬಳಗ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಸಿಗುವ ದೊಡ್ಡ ಕೆಸರಿನ ಏಡಿಯ ಮೆಟಲೊಥಯೊನೀನ್ 1982ರಲ್ಲೇ ಬಿಡಿಸಿ ಓದಲ್ಪಟ್ಟಿತು. 60 ಅಮೈನೋ ಆಮ್ಲವೂ ಇಲ್ಲದ ಪುಟ್ಟ ಸರಪಳಿ. ಅದರಲ್ಲಿ 18 ಸಿಸ್ಟೀನ್. ಸಿಸ್ಟೀನಿನಲ್ಲಿ ಗಂಧಕ ಇದೆ. ತಾಮ್ರ, ಸತು, ಕ್ಯಾಡ್ಮಿಯಂ, ಪಾದರಸ ಎಲ್ಲಕ್ಕೂ ಗಂಧಕ ಅಂದರೆ ಬಿಡಲಾರದ ನಂಟು. ಸರಪಳಿ ಎರಡು ಉಂಡೆಯಾಗಿ ಮಡಚಿಕೊಂಡು ಒಂದೊಂದರಲ್ಲೂ ಮೂರು ಸತುವನ್ನೋ ಮೂರು ಕ್ಯಾಡ್ಮಿಯಮ್ಮನ್ನೋ ಒಳಗೆ ಅಡಗಿಸಿಕೊಳ್ಳುತ್ತದೆ.

ಮಾಮೂಲಿ ದಿನಗಳಲ್ಲಿ ಇದು ಸ್ವಲ್ಪವೇ ಇರುತ್ತದೆ. ಲೋಹ ಹೆಚ್ಚಾದ ಕೂಡಲೇ ಕೋಶ ಜೀನಿಗೆ ಚಾಲನೆ ಕೊಟ್ಟು ಇನ್ನಷ್ಟು ತಯಾರಿಸುತ್ತದೆ. ಅಟ್ಲಾಂಟಿಕ್ ಕರಾವಳಿಯ ನೀಲಿ ಏಡಿಯಲ್ಲಂತೂ ಕ್ಯಾಡ್ಮಿಯಂಗೆ ಬೇರೆ, ತಾಮ್ರಕ್ಕೇ ಮೀಸಲಾದದ್ದು ಬೇರೆ, ಹೀಗೆ ಬೇರೆ ಬೇರೆ ಮೆಟಲೊಥಯೊನೀನ್ ಇವೆ. ತಾಮ್ರದ್ದು ಬರೀ ವಿಷ ಹಿಡಿಯುವುದಕ್ಕಷ್ಟೇ ಇಲ್ಲ. ಏಡಿ ಪೊರೆ ಬಿಡುವ ಕಾಲಕ್ಕೆ ರಕ್ತದಲ್ಲಿನ ಹಿಮೊಸಯನಿನ್ ಸ್ವಲ್ಪ ಒಡೆಯುತ್ತದೆ, ಅದರ ತಾಮ್ರ ಈ ಗ್ರಂಥಿಗೆ ಮರಳಿ ಬರುತ್ತದೆ. ಹೊಸ ಚಿಪ್ಪು ಗಟ್ಟಿಯಾದ ಮೇಲೆ ಮತ್ತೆ ಹಿಮೊಸಯನಿನ್ ಕಟ್ಟಬೇಕು. ಆ ಓಡಾಟದಲ್ಲಿ ತಾಮ್ರ ಬಿಡಿಯಾಗದಂತೆ ನೋಡಿಕೊಳ್ಳುವುದು ಇದೇ ಪ್ರೋಟೀನು.

ಇಷ್ಟಕ್ಕೇ ಮುಗಿಯುವುದಿಲ್ಲ. ಲೋಹ ತುಂಬಿದ ಮೆಟಲೊಥಯೊನೀನ್ ಹಳತಾದಾಗ ಲೈಸೋಸೋಮಿಗೆ ಹೋಗುತ್ತದೆ. ಲೈಸೋಸೋಮ್ ಅಂದರೆ ಕೋಶದೊಳಗೆ ಹುಳಿ ತುಂಬಿದ ಪುಟ್ಟ ಚೀಲ. ಅಲ್ಲಿ ಪ್ರೋಟೀನು ಅರಗಿ ಹೋಗುತ್ತದೆ. ತಾಮ್ರ ಮತ್ತು ಗಂಧಕ ಮಾತ್ರ ಕರಗದ ಕಾಳಾಗಿ ಉಳಿಯುತ್ತವೆ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವು ಕಪ್ಪು ಚುಕ್ಕೆಗಳು. ಇನ್ನೊಂದು ಜಾತಿಯ ಕಾಳುಗಳಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಇರುತ್ತದೆ, ಸತು ಮತ್ತು ಸೀಸ ಅದಕ್ಕೆ ಸೇರಿಕೊಳ್ಳುತ್ತವೆ. ಹಳೇ ಮನೆಗಳ ಪತ್ತಾಯದಲ್ಲಿ ಭತ್ತ ತುಂಬಿ ಹಲಗೆ ಹಾಕಿದ ಹಾಗೆ, ಕಾಳಾದ ಲೋಹ ಅಲ್ಲೇ ಸುಮ್ಮನೆ ಬಿದ್ದಿರುತ್ತದೆ. ಕೋಶಕ್ಕೆ ಅದರಿಂದ ಆಗ ಹಾನಿ ಇಲ್ಲ. ಆ ಕೋಶಕ್ಕೆ ವಯಸ್ಸಾಗಿ ಕಳಚಿಕೊಂಡರೆ ಕಾಳುಗಳೂ ಕರುಳಿಗೆ ಬಿದ್ದು ಹೊರಗೆ ಹೋಗಬಹುದು. ಇ ಕೋಶಗಳಿಂದ ಹೊಸ ಕೋಶ ಹುಟ್ಟುತ್ತಲೇ ಇರುತ್ತದಲ್ಲ.

ತೋಟದ ತರಗೆಲೆ ಕೆರೆದರೆ ಬೂದು ಬಣ್ಣದ, ಹಲವು ಕಾಲಿನ ಪುಟ್ಟ ಹುಳ ಸಿಗುತ್ತದೆ. ಕೆಲವು ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುತ್ತವೆ. ಹುಳ ಅನ್ನುತ್ತೇವೆ, ಆದರೆ ಅದು ಏಡಿ, ಸಿಗಡಿಯ ಹತ್ತಿರದ ಸಂಬಂಧಿ, ನೆಲಕ್ಕೆ ಬಂದ ಐಸೊಪಾಡ್. ತಾಮ್ರದ ಕಾಳು ಕೂಡಿಡುವುದರಲ್ಲಿ ಅದು ಏಡಿಯನ್ನೂ ಮೀರಿಸುತ್ತದೆ. ಮಣ್ಣಿನಲ್ಲಿ ಲೋಹ ಎಷ್ಟಿದೆ ಅಂತ ತಿಳಿಯಲು ಯುರೋಪಿನ ವಿಜ್ಞಾನಿಗಳು ಇದನ್ನೇ ಹಿಡಿದು ಅದರ ಗ್ರಂಥಿ ಪರೀಕ್ಷೆ ಮಾಡುತ್ತಾರೆ. ಬೋರ್ಡೋ ಅಂಟಿದ ಕಾಫಿ ಎಲೆ ಉದುರಿ, ಅದನ್ನು ತಿಂದು ಗೊಬ್ಬರ ಮಾಡುವುದು ನಮ್ಮ ತೋಟದ ಇವೇ ಜೀವಿಗಳು ಅನ್ನುವುದನ್ನು ನೆನೆದರೆ ನನಗೆ ಅವುಗಳ ಮೇಲೆ ತುಂಬಾ ಗೌರವ ಬರುತ್ತದೆ.

ಈ ಬಳಗದವರೆಲ್ಲ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಬ್ರಿಟನ್ನಿನ ವಿಜ್ಞಾನಿ ಫಿಲಿಪ್ ರೇನ್‌ಬೋ ಇದನ್ನು ಬಹಳ ಅಧ್ಯಯನ ಮಾಡಿದ್ದಾರೆ. ಸಿಗಡಿ, ಏಡಿಗಳಂಥವು ಸತು ಮತ್ತು ತಾಮ್ರದ ಮಟ್ಟವನ್ನು ಮೈಯಲ್ಲಿ ಹೆಚ್ಚು ಕಡಿಮೆ ಒಂದೇ ಸಮ ಇಟ್ಟುಕೊಳ್ಳಲು ನೋಡುತ್ತವೆ. ಎಷ್ಟು ಬಂತೋ ಅಷ್ಟು ಹೊರಗೆ. ಸಮುದ್ರದ ಬಂಡೆಗೆ ಅಂಟಿ ಬದುಕುವ ಬಾರ್ನಕಲ್ ಹಾಗಲ್ಲ. ಬಂದ ಸತುವನ್ನೆಲ್ಲ ಕಾಳು ಮಾಡಿ ಸಾಯುವ ತನಕ ಕೂಡಿಡುತ್ತದೆ. ಒಂದು ಮಿತಿ ದಾಟಿದರೆ ಸಿಗಡಿಯ ಲೆಕ್ಕ ತಪ್ಪುತ್ತದೆ. ಹೊರಗೆ ಹಾಕುವ ವೇಗಕ್ಕಿಂತ ಒಳಬರುವ ವೇಗ ಜಾಸ್ತಿಯಾದರೆ ಮಟ್ಟ ಏರುತ್ತಾ ಹೋಗುತ್ತದೆ. ಆಗ ಬಿಡಿ ಲೋಹ ಮಿಕ್ಕುತ್ತದೆ, ವಿಷ ಶುರುವಾಗುತ್ತದೆ. ಕ್ಯಾಡ್ಮಿಯಂ ವಿಷಯದಲ್ಲಂತೂ ಯಾರಿಗೂ ಈ ಸಮತೋಲ ಇಲ್ಲ. ಅದು ಬೇಡದ ಲೋಹ, ಹೊರಗೆ ಹಾಕುವ ಪಕ್ಕಾ ವ್ಯವಸ್ಥೆ ಬೆಳೆದಿಲ್ಲ. ಬಂದದ್ದು ಬಂದ ಹಾಗೆ ಗ್ರಂಥಿಯಲ್ಲಿ ಸೇರುತ್ತಾ ಹೋಗುತ್ತದೆ.

ಅತ್ತೆಗೆ ನಾನು ಹೇಳಿದ ಉತ್ತರ ಇಷ್ಟು: ಏಡಿ ವಿಷವನ್ನು ಪೂರ್ತಿ ಹೊರಗೆ ಎಸೆಯುವುದಿಲ್ಲ, ಕಟ್ಟಿ ಇಡುತ್ತದೆ. ಇಟ್ಟಿರುವ ಜಾಗ ನೀವು ಇಷ್ಟಪಡುವ ಆ ಹಳದಿ ಭಾಗ. ಅವರು ಕೈಯಲ್ಲಿದ್ದ ಚಿಪ್ಪನ್ನು ತಿರುಗಿಸಿ ನೋಡಿ, "ಹಾಗಾದ್ರೆ ಇದನ್ನು ತಿನ್ನಬಾರದಾ?" ಅಂದರು. ಹೆದರಿಸುವುದು ನನಗೆ ಇಷ್ಟವಿಲ್ಲ. ಏಡಿಯಿಂದ ಬರುವ ತಾಮ್ರ ನಮಗೂ ಬೇಕಾದದ್ದೇ, ಹೆಚ್ಚಾದದ್ದನ್ನು ನಮ್ಮ ಪಿತ್ತಜನಕಾಂಗ ಪಿತ್ತದ ಜೊತೆ ಹೊರಗೆ ಕಳಿಸುತ್ತದೆ. ಎಚ್ಚರ ಬೇಕಾದದ್ದು ಕ್ಯಾಡ್ಮಿಯಂ ಬಗ್ಗೆ. ಅದು ನಮ್ಮ ಮೂತ್ರಪಿಂಡದಲ್ಲಿ ದಶಕಗಟ್ಟಲೆ ಕೂರುತ್ತದೆ. ಕಲ್ಲು ರಂಜಕದಿಂದ ಮಾಡಿದ ಗೊಬ್ಬರಗಳಲ್ಲಿ ಅದು ಅಲ್ಪ ಸ್ವಲ್ಪ ಇರುತ್ತದೆ, ಗದ್ದೆಗೆ ಬರುವುದು ಆ ದಾರಿಯಲ್ಲೂ ಹೌದು. ಯುರೋಪಿನವರು ಏಡಿಯ ಕ್ಯಾಡ್ಮಿಯಂ ಮಿತಿಯನ್ನು ಕಾಲಿನ ಬಿಳಿ ಮಾಂಸಕ್ಕೆ ಇಟ್ಟಿದ್ದಾರೆ. ಚಿಪ್ಪಿನೊಳಗಿನ ಕಂದು ಭಾಗ ಹೆಚ್ಚು ತಿನ್ನುವವರಿಗೆ 2011ರಲ್ಲಿ ಬೇರೆಯೇ ಎಚ್ಚರಿಕೆ ಕೊಟ್ಟರು. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಏಡಿ. ಕಾಲು, ಕೊಂಬಿನ ಮಾಂಸ ಯಾವ ಚಿಂತೆಯೂ ಇಲ್ಲದೆ ತಿನ್ನುತ್ತೇವೆ. ಹಳದಿ ಭಾಗವನ್ನು ಮಕ್ಕಳಿಗೆ ಕೊಡುವುದು ಬೇಡ ಅಂದೆ, ಅತ್ತೆ ಒಪ್ಪಿದರು. ತಮ್ಮ ಪಾಲು ಮಾತ್ರ ಬಿಡಲಿಲ್ಲ.

ನನಗೆ ಹೆಚ್ಚು ಚಿಂತೆ ಏಡಿಯದೇ. ಈ ಎಲ್ಲ ಕೆಲಸಕ್ಕೆ ಶಕ್ತಿ ಬೇಕು. ಪ್ರೋಟೀನು ಕಟ್ಟಲು, ಲೈಸೋಸೋಮಿನ ಹುಳಿ ಕಾಯ್ದುಕೊಳ್ಳಲು, ಸೋರಿದ ಉಪ್ಪು ಮತ್ತೆ ಎಳೆಯಲು. ಅಷ್ಟರ ಮಟ್ಟಿಗೆ ಬೆಳವಣಿಗೆಗೂ ಮರಿಗೂ ಕಡಿಮೆ. ಸಮುದ್ರದ ಏಡಿಗಳ ಹಾಗೆ ನಮ್ಮ ತೋಡಿನ ಏಡಿ ಲಕ್ಷಗಟ್ಟಲೆ ಲಾರ್ವಾ ಬಿಡುವುದಿಲ್ಲ. ಕೆಲವೇ ದೊಡ್ಡ ಮೊಟ್ಟೆ. ಅದರಿಂದ ನೇರವಾಗಿ ಪುಟ್ಟ ಏಡಿಗಳೇ ಹೊರಬಂದು ತಾಯಿಯ ಹೊಟ್ಟೆಯ ಮಡಿಕೆಯಲ್ಲಿ ಅಂಟಿಕೊಂಡು ಇರುತ್ತವೆ. ಮರಿಗಳ ಕಿವಿರು, ಗ್ರಂಥಿ ಎಲ್ಲ ಎಳೆಯವು. ಅವುಗಳ ಆಹಾರದ ಸರಣಿಯ ಬುಡದಲ್ಲಿರುವ ಡಾಫ್ನಿಯಾದಂಥ ಸಣ್ಣ ಜೀವಿಗಳಿಗೆ ಮೆದು ನೀರಿನಲ್ಲಿ ಲೀಟರಿಗೆ ಹತ್ತಾರು ಮೈಕ್ರೋಗ್ರಾಂ ತಾಮ್ರವೇ ಸಾವು. ಡ್ರಮ್ಮಿನ ಆ ಅರ್ಧ ಕಿಲೋ ತಾಮ್ರ ಕರಗಿ ನೀರಿಗೆ ಬಿದ್ದರೆ ಲೀಟರಿಗೆ 10 ಮೈಕ್ರೋಗ್ರಾಂ ಮಟ್ಟಕ್ಕೆ ತಿಳಿಯಾಗಲು 5 ಕೋಟಿ ಲೀಟರ್ ನೀರು ಬೇಕು. ಮೇ ತಿಂಗಳಲ್ಲಿ ನಮ್ಮ ತೋಡು ಪಾದ ಮುಳುಗುವಷ್ಟು ಹರಿಯುತ್ತದೆ.

ಒಂದು ವರ್ಷ ಮೇಲಿನ ತೋಟವೊಂದರಲ್ಲಿ ಡ್ರಮ್ಮು, ಪಂಪು ಎಲ್ಲವನ್ನೂ ತೋಡಿನಲ್ಲೇ ತೊಳೆದಿದ್ದರು. ಕಲ್ಲಿನ ಸಂದಿಯಲ್ಲಿ ನೀಲಿ ಗಸಿ ಕೂತಿತ್ತು. ಕೆಳಗಿನ ಗುಂಡಿಯಲ್ಲಿ ಸಣ್ಣ ಸಿಗಡಿಗಳು, ಉಗುರಿನಷ್ಟು ಏಡಿ ಮರಿಗಳು ಮಗುಚಿ ಬಿದ್ದಿದ್ದವು. ದೊಡ್ಡ ಏಡಿಗಳು ಬಿಲದಲ್ಲಿ ಬದುಕಿಕೊಂಡವು. ದೊಡ್ಡದು ಕಣ್ಣಿಗೆ ಬೀಳುತ್ತದೆ, ಅದಕ್ಕೇ ಏಡಿಗೆ ಏನೂ ಆಗಲ್ಲ ಅನ್ನುವ ಮಾತು ಊರಲ್ಲಿ ಉಳಿದಿದೆ.

ನಮ್ಮಲ್ಲಿ ಈಗ ಬೋರ್ಡೋ ಕಲಸುವುದು ತೋಡಿನಿಂದ ದೂರ, ಗುಡ್ಡದ ಮೇಲೆ ನೀರಿನ ಟ್ಯಾಂಕಿನ ಹತ್ತಿರ. ಪಕ್ಕದಲ್ಲೇ ಒಂದು ಗುಂಡಿ ತೋಡಿ ತರಗೆಲೆ, ಕಾಫಿ ಸಿಪ್ಪೆ, ಸ್ವಲ್ಪ ಸುಣ್ಣ ತುಂಬಿಸಿದ್ದೇವೆ. ಡ್ರಮ್ ತೊಳೆದ ನೀರು ಅದಕ್ಕೇ. ತಾಮ್ರವನ್ನು ಕೊಳೆತ ಎಲೆ ಹಿಡಿದಿಟ್ಟುಕೊಳ್ಳುತ್ತದೆ, ಸುಣ್ಣ ಕರಗಲು ಬಿಡುವುದಿಲ್ಲ. ದಿನದ ಕೊನೆಯಲ್ಲಿ ಬೋರ್ಡೋ ಉಳಿದು ಚೆಲ್ಲುವ ಹಾಗೆ ಆಗದಂತೆ ಬೇಕಾದಷ್ಟನ್ನೇ ಕಲಸುತ್ತಾರೆ. ತೋಡಿನ ಅಂಚಿನ ಎರಡು ಸಾಲು ಬಳ್ಳಿಗೆ ಪಂಪಿನ ಗನ್ ಬಳಸದೆ ಕೈಯಿಂದ ಬುಡಕ್ಕೆ ಮಾತ್ರ. ಇದಕ್ಕೆ ಜಾಸ್ತಿ ಆಳು ಬೇಕು, ನಿಜ. ನಮ್ಮ ಯಜಮಾನರಿಗೆ ಮೊದಲು ಅಷ್ಟು ಮನಸ್ಸಿರಲಿಲ್ಲ, ಈಗ ತಾವೇ ನಿಂತು ಮಾಡಿಸುತ್ತಾರೆ. ಬರುವ ಏಪ್ರಿಲಿನಲ್ಲಿ ನಮ್ಮ ತೋಡಿನ ಉದ್ದಕ್ಕೂ ಇರುವ ಮನೆಗಳಿಗೆ ಹೋಗಿ ಗುಂಡಿಯ ವಿಷಯ ಹೇಳಿ ಬರಬೇಕು ಅಂತಿದ್ದೇನೆ. ಇದನ್ನು ಓದಿದ ತೋಟದವರು ನಿಮ್ಮಲ್ಲಿ ಡ್ರಮ್ ಎಲ್ಲಿ ತೊಳೆಯುತ್ತಾರೆ ಅಂತ ನನಗೆ ಬರೆಯಿರಿ.